ಮೂವತ್ತು ಜನರ ದೋಣಿ

ಯಾವ ಕಟ್ಟಡದೊಳಗೆ ಕಾಲಿಡುವ ಮುನ್ನವೂ ನನ್ನ ಭಾವ ಬಾಗಿಲಲ್ಲೇ ಒಂದು ಕ್ಷಣ ನಿಂತು, ಅಲ್ಲಿಂದ ಹೊರಬೀಳಲು ಎಷ್ಟು ದಾರಿಗಳಿವೆ ಎಂದು ಎಣಿಸುತ್ತಾರೆ. ಸಿನಿಮಾ ಮಂದಿರವಾಗಲಿ, ಆಸ್ಪತ್ರೆಯಾಗಲಿ, ಹೊಸದಾಗಿ ಮನೆ ಕಟ್ಟಿಸಿದ ನೆಂಟರ ಹಜಾರವಾಗಲಿ, ಆ ಎಣಿಕೆ ಮುಗಿಯುವ ತನಕ ಹಿಂದೆ ಬಂದವರೆಲ್ಲ ಅವರ ಬೆನ್ನಿಗೆ ಬಂದು ತಗಲಿಕೊಂಡು ನಿಲ್ಲಬೇಕು. ಮೂವತ್ತನಾಲ್ಕು ವರ್ಷ ಕಾರ್ಖಾನೆಗಳ ಇನ್ಸ್‌ಪೆಕ್ಟರ್ ಆಗಿದ್ದವರು. ಬಾಯ್ಲರು, ಬೆಲ್ಟು, ಏಣಿ, ಮೆಟ್ಟಿಲಂಚಿನ ಕಟಕಟೆಗಳನ್ನು ತಪಾಸಣೆ ಮಾಡಿ ಮಾಡಿ ಅವರ ನಡಿಗೆಯೇ ಒಂದು ತಪಾಸಣೆಯಾಗಿಬಿಟ್ಟಿದೆ. ಮೊದಲು ಹಿಮ್ಮಡಿ ಊರಿ, ನೆಲ ತಾಳುತ್ತದೆಂದು ಖಾತ್ರಿಯಾದ ಮೇಲೆಯೇ ಮುಂಗಾಲಿಗೆ ಭಾರ ಬಿಡುತ್ತಾರೆ. ಮೈಮೇಲೆ ಸದಾ ಒಂದು ಕಂದು ಕೋಟು. ಅದರ ಎಡಜೇಬಿನಲ್ಲಿ ಮಡಚುವ ಉಕ್ಕಿನ ಅಳತೆಪಟ್ಟಿ, ಬಲಜೇಬಿನಲ್ಲಿ ಬೆರಳುದ್ದದ ಟಾರ್ಚು. ಸೆಖೆಯಾಗುವುದಿಲ್ಲವೇ ಎಂದು ಯಾರಾದರೂ ಕೇಳಿದರೆ, ಆಗುತ್ತದೆ ಎನ್ನುತ್ತಾರೆ, ಕೋಟು ತೆಗೆಯುವುದಿಲ್ಲ.

ಅವರ ಬಾಯಲ್ಲಿ ಒಂದು ಮಾತು ಸದಾ ಸಿದ್ಧವಾಗಿರುತ್ತದೆ: 'ಬರೆದಿದೆಯಲ್ಲ.' ಆರು ಜನರ ಲಿಫ್ಟಿನಲ್ಲಿ ಏಳನೆಯವನು ಹತ್ತಲು ಬಂದರೆ, ಔಷಧದ ಸೀಸೆಯ ತಾರೀಕು ಮುಗಿದಿದ್ದರೆ, ಅಂಗಡಿಯವನು ಮುಚ್ಚುವ ಹೊತ್ತಿಗಿಂತ ಮುಂಚೆ ಬಾಗಿಲೆಳೆದರೆ, ಅವರು ಬೈಯುವುದಿಲ್ಲ, ದನಿ ಏರಿಸುವುದಿಲ್ಲ. ತೋರುಬೆರಳನ್ನು ಆ ಬರಹದ ಕೆಳಗಿಟ್ಟು, ಓದು ಬಾರದ ಮಗುವಿಗೆ ಹೇಳುವಂತೆ, 'ಬರೆದಿದೆಯಲ್ಲ' ಎನ್ನುತ್ತಾರೆ. ಆ ಸೌಮ್ಯತೆಯೇ ಎದುರಿನವನ ಮೈಯುರಿಸುತ್ತದೆ. ಸ್ವಂತ ತಮ್ಮನ ಹಿಟ್ಟಿನ ಗಿರಣಿಯಲ್ಲಿ ಬೆಲ್ಟಿಗೆ ತಡೆಬಲೆ ಇಲ್ಲವೆಂದು ಗಿರಣಿಗೇ ಬೀಗ ಜಡಿಸಿದವರು ಅವರು. ಆ ತಮ್ಮ ಮುಂದಿನ ವಾರವೇ ಬಲೆ ಹಾಕಿಸಿದ. ಅಣ್ಣನ ಮನೆಗೆ ಬರುವುದನ್ನು ಮಾತ್ರ ಅಂದೇ ಬಿಟ್ಟ. ಮಗಳು ಹುಟ್ಟಿದ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೆಂಕಿ ಆರಿಸುವ ಉಪಕರಣ ಅವಧಿ ಮೀರಿದ್ದನ್ನು ಕಂಡು ಮೇಲ್ವಿಚಾರಕನ ಕೋಣೆಗೆ ಹೋದವರು, ದಾದಿ ಮಗುವನ್ನು ಎತ್ತಿಕೊಂಡು ಹೊರಬಂದಾಗ ಅಲ್ಲಿರಲಿಲ್ಲ. ಕೂಸನ್ನು ಮೊದಲು ಕೈಗೆ ತೆಗೆದುಕೊಂಡವನು ನಾನು, ಸೋದರಮಾವ.

ಇಂಥ ಮನುಷ್ಯನ ಹಿಂದೆ ಒಂದು ದುರಂತವಿರಬೇಕು, ಯಾವುದೋ ಒಂದು ದಿನ ಕಣ್ಣುಮುಚ್ಚಿ ಸಹಿ ಹಾಕಿದ್ದರಿಂದ ಯಾರದೋ ಕೈ ಹೋಗಿರಬೇಕು ಎಂದು ನಾನು ಬಹಳ ಕಾಲ ನಂಬಿದ್ದೆ. ಒಮ್ಮೆ ಕೇಳಿಯೂಬಿಟ್ಟೆ. ಭಾವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಂಥದ್ದೇನೂ ಆಗಿಲ್ಲವಲ್ಲ. ಆಗೋವರೆಗೂ ಕಾಯಬೇಕಿತ್ತಾ?" ಎಂದರು.

ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆಯ ಟೀಚರಾಗಿದ್ದಳು. ಅವಳ ಬಟ್ಟೆಯ ಕಪಾಟಿನ ಬಾಗಿಲ ಒಳಬದಿಗೆ, ಯಾವುದೋ ಹಳೆಯ ಮಾಸಪತ್ರಿಕೆಯಿಂದ ಕತ್ತರಿಸಿದ ಒಂದು ವರ್ಣಚಿತ್ರ ಮೂವತ್ತು ವರ್ಷದಿಂದ ಅಂಟಿಕೊಂಡಿತ್ತು: ಪರದೇಶದ ಒಂದು ಅರಮನೆಯ ಚಾವಣಿ. ಅಲ್ಲಿ ಬರೆದ ಆಕಾಶ, ಬರೆದ ಕಟಕಟೆ, ಕಟಕಟೆಯಿಂದ ಅರ್ಧ ದೇಹ ಹೊರಚಾಚಿ ಕೆಳಗೆ ಇಣುಕುವ ಒಬ್ಬ ಹೆಂಗಸು. ನೆಲದ ನಡುವೆ ಒಂದು ಬಿಳಿ ಕಲ್ಲಿದೆಯಂತೆ. ಆ ಕಲ್ಲಿನ ಮೇಲೆ ನಿಂತು ಕತ್ತೆತ್ತಿದರೆ ಮಾತ್ರ ಗೆರೆಗಳೆಲ್ಲ ಒಂದಕ್ಕೊಂದು ಕೂಡಿ, ಚಾವಣಿ ಎಂಬುದೇ ಅಳಿದು, ಆ ಹೆಂಗಸು ನಿಜವಾಗಿ ಮೇಲಿನಿಂದ ನಮ್ಮನ್ನು ನೋಡುತ್ತಾಳಂತೆ; ಒಂದು ಹೆಜ್ಜೆ ಆಚೀಚೆಯಾದರೆ ಎಲ್ಲ ಸೊಟ್ಟ. ಇದನ್ನು ಅಕ್ಕ ಎಷ್ಟು ತಂಡ ಹುಡುಗಿಯರಿಗೆ ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ವಿವರಿಸಿದ್ದಳೋ ಲೆಕ್ಕವಿಲ್ಲ. ಕಂಡಿದ್ದಳೇ ಎಂದರೆ, ಇಲ್ಲ. ಅವಳು ನಿವೃತ್ತಳಾದ ವರ್ಷ ಮಗಳು ಹಟ ಹಿಡಿದು ಪ್ರವಾಸ ಗೊತ್ತುಮಾಡಿದಳು. ಅಕ್ಕ, ಭಾವ, ಮಗಳು, ನಾನು, ಹೀಗೆ ನಾಲ್ವರು, ನಮ್ಮನ್ನೂ ಸೇರಿಸಿ ನಲವತ್ತೊಂದು ಜನರ ಒಂದು ತಂಡದಲ್ಲಿ ಹೊರಟೆವು. ಪಟ್ಟಿಯಲ್ಲಿ ಹದಿನಾಲ್ಕು ಸ್ಥಳಗಳಿದ್ದವು. ಅಕ್ಕನ ಪಾಲಿಗೆ ಇದ್ದದ್ದು ಒಂದೇ.

ಆ ದಿನ ಬೆಳಗಿನಿಂದಲೇ ಎಲ್ಲರ ತಲೆ ಬಿಸಿಯಾಗಿತ್ತು. ನಮ್ಮನ್ನು ನಡೆಸುತ್ತಿದ್ದ ಮ್ಯಾನೇಜರು ನಮ್ಮ ಕಡೆಯವನೇ. ಹಳದಿ ಕೊಡೆಯನ್ನು ಮೇಲೆತ್ತಿ ಓಡುತ್ತಿದ್ದ, ನಾವು ಕುರಿಗಳಂತೆ ಹಿಂಬಾಲಿಸುತ್ತಿದ್ದೆವು. ಗಡಿಯಾರದ ಗೋಪುರಕ್ಕೆ ಹತ್ತು ನಿಮಿಷ ಕೊಟ್ಟವನು, ಚರ್ಮದ ಚೀಲಗಳ ಅಂಗಡಿಯೊಂದರಲ್ಲಿ ಎರಡು ತಾಸು ಕೂರಿಸಿದ. ಅಕ್ಕ ಅಂಗಡಿಯ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಮಣಿಕಟ್ಟಿನ ಗಡಿಯಾರ ನೋಡಿಕೊಳ್ಳುತ್ತಿದ್ದಳು. ಅರಮನೆ ಇದ್ದದ್ದು ಸರೋವರದ ಆಚೆ ದಡದಲ್ಲಿ. ದೋಣಿಯಲ್ಲಿ ಇಪ್ಪತ್ತೈದು ನಿಮಿಷದ ದಾರಿ. ನಾಲ್ಕು ಗಂಟೆಯ ಮೇಲೆ ಒಳಗೆ ಬಿಡುವುದಿಲ್ಲ. ನಾವು ದೋಣಿಕಟ್ಟೆ ಮುಟ್ಟಿದಾಗ ಮೂರಕ್ಕೆ ಹತ್ತು ನಿಮಿಷವಿತ್ತು. ಅಕ್ಕ ಎಲ್ಲರಿಗಿಂತ ಮೊದಲು ಹತ್ತಿ ಮುಂಬದಿಯ ಹಲಗೆಯ ಮೇಲೆ ಕೂತಳು.

ಭಾವ ಹತ್ತಲಿಲ್ಲ. ದೋಣಿಯ ಪಕ್ಕಕ್ಕೆ ಮೊಳೆ ಹೊಡೆದಿದ್ದ ಒಂದು ಹಿತ್ತಾಳೆ ತಗಡಿನ ಮೇಲೆ ಅವರ ಕಣ್ಣು ನೆಟ್ಟಿತ್ತು. ಒಂದು ಕಾಲು ಕಟ್ಟೆಯ ಮೇಲೆ, ಇನ್ನೊಂದು ದೋಣಿಗೆ ಹಾಕಿದ್ದ ಹಲಗೆಯ ಮೇಲೆ ಇಟ್ಟು, ಒಳಗೆ ಕೂತವರನ್ನು ಬೆರಳಿನಿಂದ ಎಣಿಸಿ, ಮೂವತ್ತು ಜನರ ದೋಣಿಗೆ ನಲವತ್ತೊಂದು ಜನರನ್ನು ಹತ್ತಿಸಬಾರದೆಂದು ಮ್ಯಾನೇಜರನಿಗೆ ಹೇಳಿದರು. ತೇಲುವ ಅಂಗಿಗಳು ಎಷ್ಟಿವೆ ಎಂದು ಕೇಳಿದರು. ಹಲಗೆಯ ಕೆಳಗಿನಿಂದ ತೆಗೆದು ಎಣಿಸಿದರೆ ಮೂವತ್ತೆರಡಿದ್ದವು.

"ದಿನಾ ಹೀಗೇ ಹೋಗ್ತಾರೆ ಸಾರ್. ಇವತ್ತೇ ಮುಳುಗುತ್ತಾ?" ಎಂದ ಮ್ಯಾನೇಜರು.

"ದಿನಾ ಹೋಗ್ತಾರೆ ಅನ್ನೋದು ದೋಣಿಗೆ ಗೊತ್ತಿರಲ್ಲಪ್ಪ. ಮೂವತ್ತು ಅಂತ ಬರೆದಿದೆಯಲ್ಲ."

ಒಳಗೆ ಗುಲ್ಲೆದ್ದಿತು. ನಮ್ಮ ತಂಡದಲ್ಲಿ ಬಟ್ಟೆ ಅಂಗಡಿಯ ಯಜಮಾನರೊಬ್ಬರಿದ್ದರು. ಭಯವಿದ್ದವರು ದಡದಲ್ಲಿ ಕೂತುಕೊಳ್ಳಲಿ, ಉಳಿದವರ ದಿನವನ್ನೇಕೆ ಹಾಳುಮಾಡಬೇಕು ಎಂದು ಅವರು ಗುಡುಗಿದರು. ಯಾರೋ ನಕ್ಕರು, ಇನ್ಯಾರೋ ಭಾವನ ಕೋಟನ್ನು ಆಡಿಕೊಂಡರು. ಭಾವ ಹಲಗೆಯ ಮೇಲಿನ ಕಾಲನ್ನು ತೆಗೆಯಲಿಲ್ಲ. ಅಂಬಿಗ ವಯಸ್ಸಾದವನು. ನಮ್ಮ ಭಾಷೆ ಅವನಿಗೆ ತಿಳಿಯದಿದ್ದರೂ ಬೆರಳು ತೋರಿಸುತ್ತಿದ್ದ ತಗಡು ಯಾವುದೆಂದು ತಿಳಿಯಿತು. ಬಿಚ್ಚಿದ್ದ ಹಗ್ಗವನ್ನು ಸುಮ್ಮನೆ ಗೂಟಕ್ಕೆ ಮತ್ತೆ ಸುತ್ತಿದ. ಅವನ ಮುಖದಲ್ಲಿ ಆಗ ನಿರಾಳ ಕಂಡಿತೆಂದು ಭಾವ ಇಂದಿಗೂ ವಾದಿಸುತ್ತಾರೆ. ನನಗೆ ಕಂಡದ್ದು ಬೇಸರ ಮಾತ್ರ. ಹೇಗೂ ಆಗಲಿ, ಎರಡು ಸಲ ಹೋಗುವುದೆಂದು ತೀರ್ಮಾನವಾಯಿತು.

ಇಳಿಯುವ ಹನ್ನೊಂದು ಜನ ಯಾರು? ಯಾರೂ ಮಿಸುಕಲಿಲ್ಲ. ದೋಣಿ ನಿಲ್ಲಿಸಿದವರೇ ಮೊದಲು ಇಳಿಯಲಿ ಎಂದರು ಬಟ್ಟೆ ಅಂಗಡಿಯವರು.

"ಆಗಲಿ," ಎಂದರು ಭಾವ. "ನಾವು ನಾಲ್ವರೂ ಆಮೇಲೆ ಬರ್ತೀವಿ."

ಎರಡನೆಯ ಸಲ ಹೋದವರಿಗೆ ನಾಲ್ಕು ಗಂಟೆ ದಾಟುತ್ತದೆಂದು ಲೆಕ್ಕ ಹಾಕಲು ಇನ್ಸ್‌ಪೆಕ್ಟರೇ ಆಗಬೇಕಿರಲಿಲ್ಲ. ಮಗಳು ತಂದೆಯ ತೋಳು ಹಿಡಿದು, ಅಮ್ಮನೊಬ್ಬಳಾದರೂ ಹೋಗಲಿ ಎಂದು ಬೇಡಿಕೊಂಡಳು. ಭಾವ ತೀರ ಸಮಾಧಾನದಿಂದ, "ನಮ್ಮನೆಯವರನ್ನ ಕೂರಿಸಿಕೊಂಡು ಬೇರೆಯವರನ್ನ ಇಳಿ ಅನ್ನೋಕಾಗುತ್ತೇನಮ್ಮ?" ಎಂದರು. ಮಾತಿನಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ, ಭಾವನೆದುರು ಮಾತಾಡಿ ಅಭ್ಯಾಸವಿಲ್ಲದವನು ನಾನು, ಆ ಹೇಡಿತನಕ್ಕೆ ಮರ್ಯಾದೆ ಎಂದು ಹೆಸರಿಟ್ಟುಕೊಂಡಿದ್ದೆ. ಅಕ್ಕ ಗಂಡನ ಮುಖವನ್ನು ಒಂದು ಸಲ ನೋಡಿದಳು. ಚೀಲ ಎತ್ತಿಕೊಂಡು ಎದ್ದಳು. ಇಳಿಯಲು ಭಾವ ಚಾಚಿದ ಕೈಯನ್ನು ಬಿಟ್ಟು ದೋಣಿಯ ಅಂಚನ್ನು ಹಿಡಿದು ಇಳಿದಳು. ಮ್ಯಾನೇಜರು ಮೊದಲ ಸರದಿಯವರ ಜೊತೆಗೇ ಉಳಿದ. ಕೊನೆಯ ಹಲಗೆಯ ಏಳು ಜನ ನಮಗೆ ಶಾಪ ಹಾಕುತ್ತ ಕೆಳಗಿಳಿದರು.

ಆ ದೋಣಿ ಹೋಗಿ ಮರಳುವ ತನಕದ ಹೊತ್ತನ್ನು ನಾನು ಹೇಗೆ ಕಳೆದೆನೆಂದರೆ, ಭಾವನ ಬೆನ್ನನ್ನು ನೋಡುತ್ತ ಹಲ್ಲು ಕಚ್ಚಿ ಕೂತು ಕಳೆದೆ. ಅವರು ಪ್ರಸನ್ನರಾಗಿದ್ದರು. ಕರ್ತವ್ಯ ಮುಗಿಸಿದವರ ಹಗುರದಲ್ಲಿ ಕಟ್ಟೆಯ ಉದ್ದಕ್ಕೂ ಹಿಮ್ಮಡಿ ಊರುತ್ತ ಅಡ್ಡಾಡಿ, ಜೇಬಿನಿಂದ ಅಳತೆಪಟ್ಟಿ ತೆಗೆದು ಕಟಕಟೆಯ ಎತ್ತರ ಅಳೆದು, ನಾಲ್ಕು ಅಂಗುಲ ಕಡಿಮೆಯಿದೆ ಎಂದು ನನಗೆ ತಿಳಿಸಿದರು. ಆ ಪಟ್ಟಿಯನ್ನು ಕಿತ್ತು ನೀರಿಗೆಸೆಯಬೇಕೆಂಬಷ್ಟು ರೋಷ ನನ್ನಲ್ಲಿ ಉಕ್ಕಿತು. ಹೆಂಡತಿ ಹತ್ತು ಮಾರು ದೂರದಲ್ಲಿ, ಆಚೆ ದಡದ ಬಿಳಿ ಗೋಡೆಯನ್ನು ದಿಟ್ಟಿಸುತ್ತ ಕಲ್ಲಾಗಿ ಕೂತಿದ್ದಾಳೆ, ಈ ಮನುಷ್ಯನಿಗೆ ಕಟಕಟೆ ಕಾಣುತ್ತದೆ. ಸರೋವರ ಕನ್ನಡಿಯಂತಿತ್ತು. ಗಾಳಿಯಿಲ್ಲ, ಅಲೆಯಿಲ್ಲ. ನಲವತ್ತೊಂದಲ್ಲ, ಅರವತ್ತು ಜನ ಹತ್ತಿದ್ದರೂ ಆ ದಿನ ಆ ದೋಣಿಗೆ ಏನೂ ಆಗುತ್ತಿರಲಿಲ್ಲವೆಂದು ನನ್ನ ಸಿಟ್ಟು ಆಣೆ ಮಾಡಿ ಹೇಳುತ್ತಿತ್ತು.

ನಾವು ಆಚೆ ದಡ ತಲುಪಿದಾಗ ನಾಲ್ಕು ಗಂಟೆ ಇಪ್ಪತ್ತೇಳು ನಿಮಿಷ. ಅರಮನೆಯ ಬಾಗಿಲು ಅರ್ಧ ತೆರೆದೇ ಇತ್ತು, ಒಳಗಿದ್ದವರು ಹೊರಬರಲೆಂದು. ಅದರ ಮುಂದೆ ಬೂದು ಸಮವಸ್ತ್ರದ ಒಬ್ಬ ಕಾವಲುಗಾರ್ತಿ ಬೀಗದ ಕೈಗೊಂಚಲು ಹಿಡಿದು ನಿಂತಿದ್ದಳು. ಆಗ ನಾನು ಜನ್ಮದಲ್ಲಿ ಕಾಣದ್ದನ್ನು ಕಂಡೆ. 'ಒಂದು ವಾರ ಬಿಡಿ ಸಾರ್', 'ಇದೊಂದು ಸಲ ನೋಡಿ ಸಾರ್' ಎಂದು ಬಂದ ಎಷ್ಟೋ ಕಾರ್ಖಾನೆ ಯಜಮಾನರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ ನನ್ನ ಭಾವ, ಕೋಟಿನ ಗುಂಡಿ ಸರಿಮಾಡಿಕೊಂಡು, ತಲೆ ತಗ್ಗಿಸಿ, ತಮ್ಮ ಹರುಕು ಇಂಗ್ಲಿಷಿನಲ್ಲಿ ಒಂದು ವಿನಾಯಿತಿ ಕೇಳಿದರು. ಇವಳೊಬ್ಬಳೇ, ಐದೇ ನಿಮಿಷ. ಆಕೆ ಪೂರ್ತಿ ಕೇಳಿಸಿಕೊಂಡಳು. ಅನಂತರ ಗೋಡೆಯ ಮೇಲಿನ ಫಲಕದ ಕೆಳಗೆ ಬೆರಳಿಟ್ಟು, ತನ್ನ ಭಾಷೆಯಲ್ಲಿ ಏನೋ ಒಂದು ಪದ ಹೇಳಿದಳು. ಅದರ ಅರ್ಥ ನಮ್ಮ ಮನೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಾಗಿಲು ತೆಗೆದೇ ಇದೆ, ಒಳಗೆ ಜನ ಇದ್ದಾರೆ, ಒಬ್ಬ ಹೆಂಗಸು ಒಳಗೆ ಹೋಗಿಬಂದರೆ ಅರಮನೆ ಕುಸಿಯುತ್ತದೆಯೇ ಎಂದು ಭಾವ ನಮ್ಮ ಭಾಷೆಯಲ್ಲೇ ಕೂಗಾಡತೊಡಗಿದರು. ಮನುಷ್ಯರ ಮೇಲೆ ಅವರು ದನಿಯೇರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಕೆ ಕಲ್ಲಿನ ಕಂಬದಂತೆ ನಿಂತೇ ಇದ್ದಳು. ಅಕ್ಕ ನಡುವೆ ಬಂದಳು.

"ಸಾಕು. ಆಕೆ ಕೆಲಸ ಆಕೆ ಮಾಡ್ತಿದ್ದಾಳೆ. ಬನ್ನಿ ಈ ಕಡೆ."

ಮೆಟ್ಟಿಲ ಮೇಲೆ ನಿಂತು ಅಕ್ಕ ಮಾತಾಡಿದಳು.

"ದೋಣಿ ನಿಲ್ಲಿಸಿದ್ದು ಸರಿ. ನನ್ನ ಶಾಲೆ ಮಕ್ಕಳು ಕೂತಿದ್ರೆ ನಾನೂ ನಿಲ್ಲಿಸ್ತಿದ್ದೆ. ಆದ್ರೆ 'ನಾವು ನಾಲ್ವರೂ' ಅಂದ್ರಲ್ಲ, ಅದನ್ನ ಯಾರನ್ನ ಕೇಳಿ ಅಂದ್ರಿ?"

"ನಿಲ್ಲಿಸಿದ್ದು ನಾವೇ ತಾನೇ..." ಎಂದರು ಭಾವ.

"ನೀವು. ನಿಲ್ಲಿಸಿದ್ದು ನೀವು. ಬಿಟ್ಟುಕೊಡೋದಿದ್ರೆ ನಿಮ್ಮ ಜಾಗ ಬಿಟ್ಟುಕೊಡಿ. ನನ್ನದನ್ನ ಬಿಟ್ಟುಕೊಡೋಕೆ ನಾನಿದ್ದೀನಿ. ಮೂವತ್ತು ವರ್ಷ ಆ ಚಿತ್ರ ನೋಡ್ಕೊಂಡು ಕೂತವಳು ನಾನು, ನೀವಲ್ಲ."

ಅಷ್ಟರಲ್ಲಿ ಮೊದಲ ಸರದಿಯವರು ಹೊರಗೆ ಬರತೊಡಗಿದರು. ಬಟ್ಟೆ ಅಂಗಡಿಯ ಯಜಮಾನರಿಗೆ ಈಗ ಕನಿಕರ ಬಂದಿತ್ತೋ ಏನೋ, ಫೋನು ಮುಂದೆ ಹಿಡಿದು, ಇಗೋ ಎಲ್ಲ ತೆಗೆದಿದ್ದೇನೆ ನೋಡಿ ಎಂದರು. ಚಿತ್ರ ತನ್ನ ಮನೆಯಲ್ಲೇ ಇದೆ ಎಂದು ಹೇಳಿ ಅಕ್ಕ ದೋಣಿಯ ಕಡೆ ನಡೆದಳು. ಹಿಂದಿರುಗುವಾಗಲೂ ದೋಣಿ ಎರಡು ಸರದಿಯಲ್ಲೇ ಹೋಯಿತು. ಅಕ್ಕ ಮೊದಲ ದೋಣಿ ಹತ್ತಿದಳು. ಭಾವ ಎರಡನೆಯದಕ್ಕೆ ಉಳಿದರು.

ಊರಿಗೆ ಬಂದ ಮೇಲೆ ಭಾವ ಪ್ರವಾಸದ ಕಂಪನಿಗೆ ನಾಲ್ಕು ಪುಟದ ಕಾಗದ ಬರೆದರು; ತಗಡಿನ ಮೇಲಿದ್ದ ಸಂಖ್ಯೆ, ಅಂಗಿಗಳ ಸಂಖ್ಯೆ, ಕಟಕಟೆಯ ಎತ್ತರ ಎಲ್ಲ ಅದರಲ್ಲಿತ್ತು. ಅಕ್ಕನ ಸುದ್ದಿ ಇರಲಿಲ್ಲ. ಎರಡು ತಿಂಗಳಿಗೆ ಉತ್ತರ ಬಂತು: ಇನ್ನು ಮುಂದೆ ತಂಡಕ್ಕೆ ಎರಡು ದೋಣಿ ಗೊತ್ತುಮಾಡುತ್ತೇವೆ. ಭಾವ ಆ ಉತ್ತರವನ್ನು ಬಂದವರಿಗೆಲ್ಲ ತೋರಿಸಿದರು. ಅಕ್ಕ ಓದಿ, ಒಳ್ಳೆಯದಾಯಿತು ಎಂದಳು, ಎದ್ದು ಒಳಗೆ ಹೋದಳು. ಮರುವರ್ಷ ತನ್ನ ಶಾಲೆಯ ಇಬ್ಬರು ಹಳೆಯ ಟೀಚರುಗಳ ಜೊತೆ ಅವಳೇ ಹೋಗಿಬಂದಳು. ಹೋಗುವುದನ್ನು ಗೊತ್ತುಮಾಡಿಕೊಂಡ ಮೇಲೆ ಗಂಡನಿಗೆ ತಿಳಿಸಿದಳು, ಕೇಳಲಿಲ್ಲ. ಬಂದ ದಿನ ನಾನು ಅಲ್ಲೇ ಇದ್ದೆ. ಎರಡು ದೋಣಿ ಇದ್ದವು ಎಂದು ಅವಳು ತಾನಾಗಿಯೇ ಹೇಳಿದಾಗ ಭಾವನ ಮುಖ ಅರಳಿತು. ಆಮೇಲೆ ಚಾವಣಿ ಹೇಗಿತ್ತು ಎಂದು ಮೆಲ್ಲಗೆ ಕೇಳಿದರು.

"ಅದನ್ನ ನೀವೇ ಹೋಗಿ ನೋಡ್ಕೊಳ್ಳಿ," ಎಂದಳು ಅಕ್ಕ.

ಇಂಥವರದೊಂದು ಕುಲವೇ ಲೋಕದಲ್ಲಿದೆ. ಅವರು ಕಾಯುವುದು ತಮಗೆ ಗುರುತಿಲ್ಲದವರ ಪ್ರಾಣವನ್ನು. ಬದುಕಿ ಉಳಿದವರಿಗೆ ತಾವು ಉಳಿದೆವೆಂಬುದೇ ತಿಳಿಯುವುದಿಲ್ಲವಾಗಿ, ಕಾಯುವವರಿಗೆ ಸಲ್ಲುವುದು ಬೈಗುಳ ಮಾತ್ರ. ಅದನ್ನವರು ಕೋಟಿನ ಮೇಲಿನ ಧೂಳಿನಂತೆ ಕೊಡವಿಕೊಂಡು ಮುಂದೆ ನಡೆಯುತ್ತಾರೆ. ತಮಗಾಗಿ ಏನನ್ನೂ ತೆಗೆದುಕೊಳ್ಳದ ಕಾರಣ, ಇನ್ನೊಬ್ಬರಿಂದ ತೆಗೆದುಕೊಂಡದ್ದು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಹೆಂಡತಿ ಮಕ್ಕಳನ್ನು ತಮ್ಮ ಮೈಯ ಒಂದು ಭಾಗವೆಂದೇ ಬಗೆದು, ತಮ್ಮ ಆಸೆಯನ್ನು ತ್ಯಜಿಸುವ ನಿರಾಯಾಸದಲ್ಲಿಯೇ ಅವರ ಆಸೆಯನ್ನೂ ತ್ಯಜಿಸಿಬಿಡುತ್ತಾರೆ, ಮತ್ತು ಅದನ್ನು ನ್ಯಾಯವೆಂದು ತಿಳಿಯುತ್ತಾರೆ. ಇಂಥವರ ಮೇಲಿನ ಸಿಟ್ಟನ್ನು ಎಲ್ಲಿಗೆ ಒಯ್ಯುವುದು? ಯಾವ ಚಾವಡಿಯಲ್ಲಿ ದೂರಿಟ್ಟರೂ ತೀರ್ಪು ಅವರ ಕಡೆಗೇ ಆಗುತ್ತದೆ. ಅವರು ಸರಿ ಎಂದ ದೋಣಿಯಲ್ಲಿ ನನ್ನ ಮಕ್ಕಳನ್ನು ನಾನು ಕಣ್ಣುಮುಚ್ಚಿ ಕೂರಿಸುತ್ತೇನೆ. ಅಂಥವರನ್ನು ಗೌರವಿಸದೆ ನನ್ನಂಥವನಿಗೆ ಗತಿಯಿಲ್ಲ. ಆದರೆ ಆ ಗೌರವವನ್ನು ಅವರ ಮನೆಯವರಿಂದಲೂ ನಿರೀಕ್ಷಿಸುವ ಹಕ್ಕು, ದಡದಲ್ಲಿ ಬಾಯಿ ಮುಚ್ಚಿಕೊಂಡು ಕೂತ ನಮಗಂತೂ ಇಲ್ಲ.