ಮಧ್ಯಾಹ್ನ ಮಲಗುವ ರಾಜಧಾನಿ

ವಿಡಿಯೋ ಗೇಮುಗಳಲ್ಲಿ ಬರುವ ರಾಜಧಾನಿಗಳ ಮೇಲೆ ನನಗೆ ಹಳೆಯ ಸಿಟ್ಟು. ನನ್ನ ಅಣ್ಣನ ಮಗ ದಾರ್ದೊ ಹೈಸ್ಕೂಲಿನಲ್ಲಿದ್ದಾಗ ನಮ್ಮ ಮನೆಯ ಟೀವಿ ಮುಂದೆ ಕೂತು ಪರದೆಯ ಮೇಲೆ ಕುದುರೆ ಓಡಿಸುತ್ತಿದ್ದ. ಕಾಡು ದಾಟುತ್ತಿದ್ದ, ಹಿಮದ ಬೆಟ್ಟ ಹತ್ತಿ ಇಳಿಯುತ್ತಿದ್ದ. ದಾರಿಯಲ್ಲಿ ಸಿಕ್ಕವರೆಲ್ಲ ರಾಜಧಾನಿಯನ್ನು ಹೊಗಳಿ ಹೊಗಳಿ ಆಸೆ ಹುಟ್ಟಿಸುತ್ತಿದ್ದರು. ಕೊನೆಗೊಮ್ಮೆ ಕೋಟೆಬಾಗಿಲು ತೆರೆದು ಕಹಳೆ ಮೊಳಗಿದಾಗ ನಾನೂ ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಓಡಿಬರುತ್ತಿದ್ದೆ. ಒಳಗೆ ನೋಡಿದರೆ ಹತ್ತಿಪ್ಪತ್ತು ಮನೆ. ಅವುಗಳಲ್ಲೂ ಅರ್ಧಕ್ಕರ್ಧ ಮನೆಗಳ ಬಾಗಿಲು ಬರೀ ಗೋಡೆಗೆ ಬಳಿದ ಬಣ್ಣ. ಮೂರು ಅಂಗಡಿ, ಒಬ್ಬ ಕಾವಲುಗಾರ, ಅವನ ಬಾಯಲ್ಲಿ ಯಾವಾಗಲೂ ಒಂದೇ ಮಾತು. ಬಟ್ಟೆ ಒಣಹಾಕಿದ ಹಗ್ಗವಿಲ್ಲ, ಅಳುವ ಮಗುವಿಲ್ಲ, ಜಗಳವಾಡುವ ನೆರೆಹೊರೆಯವರಿಲ್ಲ.

"ಇದೇನೋ ನಿಮ್ ರಾಜಧಾನಿ? ನಮ್ ಬಸ್ ಸ್ಟ್ಯಾಂಡಲ್ಲೇ ಇದಕ್ಕಿಂತ ಜಾಸ್ತಿ ಜನ ಇರ್ತಾರೆ" ಎಂದು ನಾನು ಮೂಗು ಮುರಿಯುತ್ತಿದ್ದೆ.

"ಅಷ್ಟೊಂದು ಮಾತಾಡ್ತೀರಲ್ಲ ಅತ್ತೆ, ನೀವೇ ಒಂದು ಊರು ಕಟ್ಟಿ ತೋರ್ಸಿ" ಎನ್ನುತ್ತಿದ್ದ ಅವನು.

ದಾರ್ದೊ ಬೆಳೆದು ಗೇಮ್ ಮಾಡುವವನಾದ. ನಾನು ಪ್ರೈಮರಿ ಶಾಲೆಯ ಕೆಲಸದಿಂದ ನಿವೃತ್ತಳಾದೆ. ಇಲ್ಲಿ ಸಂತಿಯಾಗೊ ದೆಲ್ ಎಸ್ತೆರೊದಲ್ಲಿ, ನನ್ನ ಮನೆಯ ಮುಂದಿನ ಎರಡು ಕೋಣೆಗಳಲ್ಲೇ ಅವನು ನಾಲ್ಕಾರು ಗೆಳೆಯರನ್ನು ಕಟ್ಟಿಕೊಂಡು ಕಂಪನಿ ಶುರುಮಾಡಿದ. ನಮ್ಮ ಊರನ್ನು ಊರುಗಳ ತಾಯಿ ಎನ್ನುತ್ತಾರೆ, ದೇಶದಲ್ಲಿ ಇದಕ್ಕಿಂತ ಹಳೆಯದಿಲ್ಲ. ಅದೇ ದೇಶದವರು ನಮ್ಮನ್ನು ಸೋಮಾರಿಗಳೆಂದೂ ಆಡಿಕೊಳ್ಳುತ್ತಾರೆ. ಒಂದು ದಿನ ದಾರ್ದೊ ನನ್ನ ಮುಂದೆ ಕಂಪ್ಯೂಟರ್ ತಂದಿಟ್ಟ. "ತಗೊಳ್ಳಿ ಅತ್ತೆ. ನಮ್ ಗೇಮಿನ ರಾಜಧಾನಿ, ಮಿಸ್ತೋಲಾರ್ ಅಂತ. ಗೋಡೆ ನಾವು ಕಟ್ತೀವಿ, ಜನ ನೀವು ಹುಟ್ಸಿ."

ಹುಟ್ಟಿಸಿದೆ. ಮಿಸ್ತೋಲಾರ್‌ನಲ್ಲಿ ಬಾಗಿಲು ಅಂತ ಕಂಡದ್ದೆಲ್ಲ ಬಾಗಿಲೇ. ಪ್ರತಿ ಬಾಗಿಲ ಹಿಂದೆ ಒಂದು ಸಂಸಾರ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿಂದ ನೀರು ತರುತ್ತಾರೆ, ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲವನ್ನೂ ನಾನೇ ಬರೆದೆ. ದನಿ ಕೊಡಲು ನಟರು ಬೇಕು ಎಂದರು. ನಟರೇಕೆ, ನಮ್ಮ ಬೀದಿ ಇಲ್ಲವೇ? ಕ್ಷೌರದಂಗಡಿಯವನು ಕಮ್ಮಾರನಾದ, ಬ್ರೆಡ್ ಸುಡುವ ಹೆಂಗಸು ಬ್ರೆಡ್ ಸುಡುವವಳೇ ಆದಳು, ನಮ್ಮ ಪಾದ್ರಿ ಜೇಬುಗಳ್ಳನಾಗಿ ಬಹಳ ಚೆನ್ನಾಗಿ ಮಾತಾಡಿದರು. ಪ್ರಪಂಚವೆಲ್ಲ ನಿಮ್ಮ ದನಿ ಕೇಳುತ್ತದೆ ಎಂದು ಒಬ್ಬೊಬ್ಬರಿಗೂ ಮಾತು ಕೊಟ್ಟಿದ್ದೆ. ಒಲ್ಲೆ ಎಂದವರು ಎದುರು ಮನೆಯ ಮುದುಕಿ ದೋನ್ಯಾ ತ್ರಾನ್ಸಿತೊ ಒಬ್ಬರೇ.

"ನನ್ ಗಂಟ್ಲು ಒಡೆದ ಮಡಕೆ ಕಣೆ ಜುಲ್ಮಾ. ಅದನ್ನ ಕೇಳಿ ಪ್ರಪಂಚಕ್ಕೇನಾಗ್ಬೇಕು? ಬಿಡು" ಎಂದು ಕಿಟಕಿ ಮುಚ್ಚಿಕೊಂಡಿದ್ದರು.

ಗೇಮನ್ನು ಮಾರಾಟ ಮಾಡಬೇಕಾದವರು ಡೆನ್ಮಾರ್ಕಿನವರು. ಅವರು ಅದನ್ನು ತಮ್ಮ ಕಡೆಯ ಒಂದಿಷ್ಟು ಆಟಗಾರರಿಗೆ ಕೊಟ್ಟು ಆಡಿಸಿ ನೋಡಿದರು. ಅವರು ಕಳಿಸಿದ ಅಭಿಪ್ರಾಯ ಓದಿ ನನ್ನ ಮೈ ಉರಿದುಹೋಯಿತು. ಕಾಡು ಚೆನ್ನಾಗಿದೆಯಂತೆ, ನದಿ ಚೆನ್ನಾಗಿದೆಯಂತೆ. ಮಿಸ್ತೋಲಾರ್ ಮಾತ್ರ ಸತ್ತ ಊರಂತೆ. ಬೀದಿಯಲ್ಲಿ ನರಪಿಳ್ಳೆ ಇಲ್ಲ, ಅಂಗಡಿ ತೆರೆಯುವುದಿಲ್ಲ, ಬಾಗಿಲು ತಟ್ಟಿದರೆ ಓಗೊಡುವವರಿಲ್ಲ, ಇಷ್ಟು ದೂರ ಬಂದದ್ದು ಇದಕ್ಕಾ ಎಂದು ಒಬ್ಬ ಬರೆದಿದ್ದ. ನಾನು ಟೀವಿ ಮುಂದೆ ನಿಂತು ಆಡುತ್ತಿದ್ದ ಮಾತನ್ನೇ ಯಾರೋ ನನ್ನ ಮುಖಕ್ಕೆ ತಿರುಗಿಸಿ ಆಡಿದ ಹಾಗಿತ್ತು.

"ಇವರು ಆಡಿದ್ದು ಯಾವ ಗೇಮನ್ನೋ? ನಿದ್ದೆಗಣ್ಣಲ್ಲಿ ಆಡಿದ್ರಾ?" ಎಂದೆ.

ದಾರ್ದೊ ನಮ್ಮೆದುರೇ ಗೇಮ್ ತೆರೆದ. ಸಂಜೆಯ ಬೆಳಕಿನಲ್ಲಿ ಕೋಟೆಗೋಡೆ ಚೆಂದ ಕಾಣುತ್ತದೆಂದು ಅವನು ಯಾವಾಗಲೂ ಸಂಜೆಯಿಂದಲೇ ಶುರುಮಾಡುವುದು. ಮಿಸ್ತೋಲಾರ್ ಗಿಜಿಗುಡುತ್ತಿತ್ತು. ಕಮ್ಮಾರ ಬೈಯುತ್ತಿದ್ದ, ಪಾದ್ರಿ ಜೇಬು ಕತ್ತರಿಸುತ್ತಿದ್ದರು. ತಪ್ಪು ಎಲ್ಲಿದೆ ಎಂದು ಹುಡುಕಿ ಹುಡುಕಿ ಎಲ್ಲರೂ ತಲೆ ಮೇಲೆ ಕೈಹೊತ್ತು ಕೂತರು.

ಅಷ್ಟರಲ್ಲಿ ಡೆನ್ಮಾರ್ಕಿನಿಂದ ಈ ಕೆಲಸದ ಉಸ್ತುವಾರಿ ಹೊತ್ತ ಕರೀನ್ ಎಂಬಾಕೆಯ ಪತ್ರ ಬಂತು. ಮಿಸ್ತೋಲಾರ್ ತೆಗೆದುಹಾಕಿ ಆ ಜಾಗದಲ್ಲಿ ಸಿದ್ಧವಾಗಿ ಸಿಗುವ ಒಂದು ಚಿಕ್ಕ ಊರನ್ನು ಕೊಂಡು ಕೂರಿಸುವುದು ಮೇಲು. ಆದರೂ ಕೊನೆಯ ತೀರ್ಮಾನಕ್ಕೆ ಮೊದಲು ತಾನೇ ಬಂದು ಮಾತಾಡುತ್ತೇನೆ ಎಂದಿದ್ದಳು. ಸಿದ್ಧ ಊರು ಎಂದರೆ ನನಗೆ ಗೊತ್ತಿಲ್ಲವೇ, ಗೋಡೆಗೆ ಬಳಿದ ಬಾಗಿಲು. ಬ್ರೆಡ್ ಸುಡುವವಳು ದಿನಾ ಕೇಳುತ್ತಿದ್ದಳು: "ಯಾವಾಗ್ ಬರುತ್ತೆ ಟೀಚರ್, ನಮ್ ಊರು?" ಅವಳಿಗೆ ಏನು ಹೇಳಲಿ? ನಿನ್ನ ದನಿ ಕಸದ ಬುಟ್ಟಿಗೆ ಹೋಯಿತು ಅನ್ನಲೇ?

ಜನವರಿ ತಿಂಗಳು, ನಮ್ಮ ಕಡೆ ನಡುಬೇಸಿಗೆ. ಟಾರು ಚಪ್ಪಲಿಗೆ ಅಂಟುವ ಬಿಸಿಲು. ಸಂಜೆ ಬರಬೇಕಿದ್ದ ಕರೀನ್ ಮುಂಚಿನ ವಿಮಾನಕ್ಕೇ ಬಂದಿಳಿದದ್ದು ನಮಗೆ ಗೊತ್ತಿರಲಿಲ್ಲ. ಊಟ ಮುಗಿಸಿ, ಕಿಟಕಿಗಳ ಮರದ ಪರದೆ ಇಳಿಸಿ, ಫೋನು ಬಾಯಿ ಮುಚ್ಚಿಸಿ, ಎಲ್ಲರಂತೆ ನಾವೂ ಸಿಯೆಸ್ತಾಕ್ಕೆ, ಅಂದರೆ ಮಧ್ಯಾಹ್ನದ ನಿದ್ದೆಗೆ, ಮಲಗಿದ್ದೆವು. ದಾರ್ದೊ ಮತ್ತವನ ಗೆಳೆಯರು ಕಂಪ್ಯೂಟರುಗಳ ಕೆಳಗೇ ಚಾಪೆ ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು.

ಐದು ಗಂಟೆಗೆ ಎದ್ದು ನಾನು ಮಾಟೆ ಎಲೆಯ ಕಷಾಯಕ್ಕೆ ನೀರು ಕಾಯಿಸುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ತೆರೆದರೆ ದೋನ್ಯಾ ತ್ರಾನ್ಸಿತೊ, ಪಕ್ಕದಲ್ಲಿ ಅವರಿಗಿಂತ ಎರಡು ಗೇಣು ಎತ್ತರದ ಒಬ್ಬ ಬಿಳಿ ಹೆಂಗಸು. ಮೂಗು ಟೊಮೆಟೊ ಹಾಗೆ ಕೆಂಪಾಗಿತ್ತು, ಕೆನ್ನೆಯ ಮೇಲೆ ದಿಂಬಿನ ಕಸೂತಿಯ ಗುರುತು ಮೂಡಿತ್ತು.

"ಇವಳು ನಿಮ್ಮೋಳಂತೆ ಕಣೆ. ನಡು ಮಧ್ಯಾಹ್ನ ನಿಮ್ ಬಾಗ್ಲು ಬಡೀತಿದ್ಲು. ನೀವೆಲ್ಲ ಹೆಣದ ಹಾಗೆ ಬಿದ್ಕೊಂಡಿದ್ರಿ. ನಾನೇ ಕರ್ಕೊಂಡ್ಹೋಗಿ ಮಲಗಿಸ್ದೆ" ಎಂದರು ದೋನ್ಯಾ.

ಕರೀನ್ ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವಳು. "ನಮಸ್ಕಾರ, ಶ್ರೀಮತಿ ಜುಲ್ಮಾ ಅವರೇ. ಇಂದು ನಾನು ನಿಮ್ಮ ಮಿಸ್ತೋಲಾರ್ ನಗರದಲ್ಲಿ ನಡೆದು ಬಂದೆ" ಎಂದಳು.

ನನಗೆ ಅರ್ಥವಾಗಲಿಲ್ಲ. ಒಳಗೆ ಕೂರಿಸಿ ಮಾಟೆ ಕೊಟ್ಟೆ. ಅವಳು ಹೇಳತೊಡಗಿದಳು. ಚೌಕದ ಹೋಟೆಲಿನಿಂದ ಎರಡು ಗಂಟೆಗೆ ಹೊರಟಳಂತೆ. ಬೀದಿಯಲ್ಲಿ ಒಬ್ಬರಿಲ್ಲ. ಒಂದು ಬಾಟಲಿ ನೀರು ಕೊಳ್ಳೋಣವೆಂದರೆ ಅಂಗಡಿಗಳೆಲ್ಲ ಮುಚ್ಚಿವೆ. ಬಾಗಿಲು ತಟ್ಟಿದರೆ ಓಗೊಡುವವರಿಲ್ಲ. ಊರಿಗೆ ಏನೋ ಕೇಡಾಗಿದೆ ಎಂದು ಹೆದರಿಕೆಯಾಯಿತಂತೆ. "ಆಮೇಲೆ ನನಗೆ ನೆನಪಾಯಿತು, ಈ ಬೀದಿಯಲ್ಲಿ ನಾನು ಮೊದಲೂ ನಡೆದಿದ್ದೇನೆ. ನಿಮ್ಮ ಆಟದಲ್ಲಿ."

ದಾರ್ದೊ ಚಾಪೆಯಿಂದ ಎದ್ದು ಕಣ್ಣುಜ್ಜುತ್ತ ಬಂದಿದ್ದ. ಒಂದು ಗಳಿಗೆ ನಿಂತವನು ಕಂಪ್ಯೂಟರಿಗೆ ಓಡಿದ. ಆಟ ಬೆಳಗಿನ ಜಾವ ಬೆಟ್ಟದ ಮೇಲೆ ಶುರುವಾಗುತ್ತದೆ. ಕುದುರೆ ಹಿಡಿದು, ನದಿ ದಾಟಿ, ದಾರಿಯ ಕಳ್ಳರನ್ನು ಬಡಿದು ಆಟಗಾರ ಮಿಸ್ತೋಲಾರ್ ಮುಟ್ಟುವ ಹೊತ್ತಿಗೆ ಗೇಮಿನ ಗಡಿಯಾರದಲ್ಲಿ ಎರಡು ಗಂಟೆ. ನಾನು ಹುಟ್ಟಿಸಿದ ಜನರೆಲ್ಲ ಆಗ ಏನು ಮಾಡುತ್ತಿದ್ದರು? ಕಮ್ಮಾರನ ದಿನಚರಿ ತೆರೆದ: ಊಟ, ಆಮೇಲೆ ಐದರವರೆಗೆ ನಿದ್ದೆ. ಬ್ರೆಡ್ಡಿನವಳದೂ ಅದೇ, ಜೇಬುಗಳ್ಳನದೂ ಅದೇ. ಪ್ರತಿಯೊಬ್ಬರನ್ನೂ ಉಂಡ ಮೇಲೆ ನಾನು ಮಲಗಿಸಿದ್ದೆ. ಬೇಕೆಂದು ಮಾಡಿದ್ದಲ್ಲ. ಉಂಡ ಮೇಲೆ ಮನುಷ್ಯ ಬೇರೇನು ಮಾಡುತ್ತಾನೆ? ಅಷ್ಟು ಜನ ಹುಡುಗರು ಅದನ್ನು ಓದಿದ್ದರು, ಒಬ್ಬನಿಗೂ ವಿಚಿತ್ರ ಅನ್ನಿಸಿರಲಿಲ್ಲ.

ದಾರ್ದೊ ನಗಲಾರಂಭಿಸಿದ. "ಸೋಮಾರಿಗಳು ಸೋಮಾರಿಗಳು ಅಂತಿದ್ರು ಅತ್ತೆ. ನಾವು ಗೇಮಿನೊಳಗಿನ ರಾಜ್ಯಕ್ಕೂ ಸಿಯೆಸ್ತಾ ಕೊಟ್ಬಿಟ್ವಲ್ಲ."

"ಹಾಗಾದರೆ ಪರಿಹಾರ ಸುಲಭ" ಎಂದಳು ಕರೀನ್. "ಆ ನಿದ್ದೆಯನ್ನು ತೆಗೆದುಹಾಕಿ. ನಗರ ಉಳಿಯುತ್ತದೆ."

ಸುಲಭವೇ. ದಾರ್ದೊನ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು. ಊರು ಉಳಿಯುತ್ತದೆ, ನಾನು ಕೊಟ್ಟ ಮಾತು ಉಳಿಯುತ್ತದೆ, ನಾನು ಖುಷಿಪಡಬೇಕಿತ್ತು. ಆದರೆ ನನ್ನ ಬಾಯಿಂದ ಬಂದದ್ದು "ತಡಿಯೋ" ಎಂಬ ಮಾತು.

"ಬನ್ನಿ ಹೊರಗೆ" ಎಂದು ಕರೀನಳ ಕೈಗೆ ಒಂದು ಕುರ್ಚಿ ಕೊಟ್ಟೆ, ನಾನೊಂದು ಹಿಡಿದೆ. ಬಿಸಿಲು ಇಳಿಯುತ್ತಿತ್ತು. ಬೀದಿಯುದ್ದಕ್ಕೂ ಕಿಟಕಿಗಳ ಪರದೆಗಳು ಒಂದೊಂದಾಗಿ ಮೇಲೇಳುತ್ತಿದ್ದವು. ಪ್ರತಿ ಮನೆಯಿಂದಲೂ ಕುರ್ಚಿಗಳು ಫುಟ್‌ಪಾತಿಗೆ ಬಂದವು. ಯಾರೋ ಬಾಗಿಲ ಮುಂದೆ ನೀರು ಚಿಮುಕಿಸಿದರು, ಮಣ್ಣಿನ ವಾಸನೆ ಎದ್ದಿತು. ಬ್ರೆಡ್ ಸುಡುವವಳು ಬಿಸಿ ತೋರ್ತಿಯಾ ರೊಟ್ಟಿಗಳ ಬುಟ್ಟಿ ಹೊತ್ತು ಬಂದಳು, ಕ್ಷೌರದಂಗಡಿಯವನು ಅವಳನ್ನು ರೇಗಿಸಿದ. ಮಕ್ಕಳು ಚೆಂಡು ತಂದರು. ಎಲ್ಲಿಂದಲೋ ಡೋಲಿನ ಸದ್ದು ಶುರುವಾಯಿತು. ಕರೀನ್ ಕುರ್ಚಿಯ ತುದಿಯಲ್ಲಿ ಕೂತು ಎರಡೂ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ತಾನು ನಡೆದ ಬೀದಿ ಇದೇ ಎಂದು ಅವಳಿಗೆ ನಂಬಿಕೆ ಬರುತ್ತಿರಲಿಲ್ಲ.

"ಮಧ್ಯಾಹ್ನ ಮಲಗದಿದ್ರೆ ಇದು ಇಲ್ಲ. ಇಡೀ ದಿನ ಎದ್ದಿರೋ ಊರು ಸಂಜೆ ಹೊತ್ತಿಗೆ ಸುಸ್ತಾಗಿ ಮನೆ ಸೇರ್ಕೊಳ್ಳುತ್ತೆ, ಅಷ್ಟೇ" ಎಂದೆ.

"ನಿಮ್ಮ ಮಾತು ನಿಜ" ಎಂದಳು ಅವಳು. ಮೆತ್ತಗೆ ಹೇಳಿದರೂ ಬಿಟ್ಟುಕೊಡಲಿಲ್ಲ. "ಆದರೆ ಆಟಗಾರ ಕಾಯುವುದಿಲ್ಲ. ಖಾಲಿ ಬೀದಿ ಕಂಡರೆ ಅವನು ತಿರುಗಿ ಹೊರಟುಬಿಡುತ್ತಾನೆ. ನಾನೂ ಹೊರಟಿದ್ದೆ."

"ಮತ್ಯಾಕೆ ಹೋಗ್ಲಿಲ್ಲ?"

ಕರೀನಳ ಕೆಂಪು ಮೂಗು ಇನ್ನಷ್ಟು ಕೆಂಪಾಯಿತು. "ಆ ಅಜ್ಜಿ ನನ್ನನ್ನು ಬೈದರು. ನೀರು ಕೊಟ್ಟರು. ನಾನು ನಿದ್ದೆ ಮಾಡಿಬಿಟ್ಟೆ."

ನಾನೂ ದಾರ್ದೊನೂ ಒಬ್ಬರ ಮುಖ ಒಬ್ಬರು ನೋಡಿದೆವು. ಎದುರಿನ ಫುಟ್‌ಪಾತಿನಲ್ಲಿ ದೋನ್ಯಾ ತ್ರಾನ್ಸಿತೊ ಬೀಸಣಿಗೆ ಬೀಸಿಕೊಳ್ಳುತ್ತ ಕೂತಿದ್ದರು. ಗೇಮಿನಲ್ಲಿ ಆಟಗಾರ ಮಲಗಿದರೆ ಗಂಟೆಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕಳೆಯುತ್ತವೆ, ಅಷ್ಟು ನನಗೂ ಗೊತ್ತಿತ್ತು. ಬೇಕಾದದ್ದು ಅವನನ್ನು ಒಳಗೆ ಕರೆಯುವ ಒಂದು ಬಾಗಿಲು, ಒಂದು ದನಿ.

ಕರೀನ್ ಒಂದು ವಾರ ಕೊಟ್ಟಳು. ಮತ್ತೆ ಆಟಗಾರರಿಗೆ ಆಡಲು ಕೊಡುತ್ತೇನೆ, ಅವರು ಏನನ್ನುತ್ತಾರೋ ಅದೇ ಕೊನೆ ಎಂದಳು.

ಬಾಗಿಲು ಒಂದು ದಿನದಲ್ಲಿ ಆಯಿತು. ದನಿಯದೇ ಫಜೀತಿ. ದೋನ್ಯಾ ತ್ರಾನ್ಸಿತೊ ಅಂತೂ ಇಂತೂ ಒಪ್ಪಿ ಮೈಕಿನ ಮುಂದೆ ಬಂದರು. ಚರ್ಚಿಗೆ ಹೋಗುವ ಉಡುಪು ಹಾಕಿಕೊಂಡು, ಪೌಡರು ಬಳಿದುಕೊಂಡು, "ಮಾನ್ಯ ಪ್ರಯಾಣಿಕರೇ, ದಯವಿಟ್ಟು ಒಳಗೆ ಬನ್ನಿ" ಎಂದರು. ಎಷ್ಟು ಸಲ ಹೇಳಿಸಿದರೂ ಅದೇ ಮರ್ಯಾದೆ.

"ದೋನ್ಯಾ, ಅವತ್ತು ಬೈದ್ರಲ್ಲ ಹಾಗೆ ಬೈಯಿರಿ" ಎಂದೆ.

"ಅಯ್ಯೋ, ಅವಾಗ ಅವಳ್ಯಾರು ಅಂತ ನನಗೆಲ್ಲಿ ಗೊತ್ತಿತ್ತು? ಪ್ರಪಂಚ ಕೇಳ್ತಿದೆ ಅಂತೀಯ, ಬೈಯೋಕಾಗುತ್ತಾ?"

ಕೊನೆಗೆ ಒಂದು ಉಪಾಯ ಮಾಡಿದೆವು. ಮಾರನೇ ದಿನ ಇಡೀ ಬೀದಿ ಮಲಗಿದ್ದಾಗ ದಾರ್ದೊ ತಲೆಗೆ ಟೋಪಿಯೂ ಇಲ್ಲದೆ ಅವರ ಬಾಗಿಲ ಮುಂದೆ ನಿಂತ. ಅಂಗಿಯೊಳಗೆ ಮೈಕು. ತಟ್ಟಿದ. ಮತ್ತೆ ತಟ್ಟಿದ. ನಾನು ನನ್ನ ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ಬಾಗಿಲು ಅಂಗೈಯಗಲ ತೆರೆಯಿತು. ನಿದ್ದೆಗಣ್ಣಿಗೆ ಬಿಸಿಲು ಹೊಡೆದು ಅವನ ಗುರುತು ಹತ್ತಲಿಲ್ಲವೇನೋ.

"ಯಾರದು ಈ ಹೊತ್ನಲ್ಲಿ? ತಲೆ ಸರಿಯಿದ್ಯಾ ನಿಂಗೆ? ನಾಯಿನೂ ನೆರಳಲ್ಲಿ ಮಲಗಿದೆ, ನೀನು ಬೀದಿ ಅಲೀತಿದೀಯ. ಬಾ ಒಳಗೆ. ನೀರು ಕುಡಿ, ಮಲ್ಕೋ. ಮಾತು ಆಮೇಲೆ."

ಸಂಜೆ ಅದನ್ನು ಅವರಿಗೇ ಕೇಳಿಸಿ, ಹಾಕಬಹುದೇ ಎಂದು ಕೇಳಿದೆವು. ಮೊದಲು ದಾರ್ದೊನ ಕಿವಿ ಹಿಂಡಿದರು. ಆಮೇಲೆ ಇನ್ನೊಂದು ಸಲ ಕೇಳಿಸು ಎಂದರು. "ಒಡೆದ ಮಡಕೇನೇ. ಇರ್ಲಿ, ಬಿಸಿಲಲ್ಲಿ ನಿಂತೋರಿಗೆ ಇಷ್ಟು ಸಾಕು" ಎಂದರು.

ಆಟಗಾರರ ಅಭಿಪ್ರಾಯಗಳು ಬಂದ ದಿನ ನನಗೆ ಓದುವ ಧೈರ್ಯವಿರಲಿಲ್ಲ, ದಾರ್ದೊನೇ ಗಟ್ಟಿಯಾಗಿ ಓದಿದ. ಮೊದಲ ಸಲ ಸಿಟ್ಟಾಗಿ ಬರೆದವನೇ ಮತ್ತೆ ಬರೆದಿದ್ದ: ಊರು ಖಾಲಿಯಿತ್ತು, ಮತ್ತೆ ಮೋಸವಾಯಿತು ಅಂದುಕೊಂಡೆ. ಒಂದು ಬಾಗಿಲು ತಟ್ಟಿ ನೋಡಿದೆ. ಒಬ್ಬ ಮುದುಕಿ ಬೈದಳು. ಎಷ್ಟೋ ಗೇಮುಗಳಲ್ಲಿ ರಾಜರು ನನಗೆ ತಲೆಬಾಗಿದ್ದಾರೆ, ನನಗೆ ಬಿಸಿಲು ತಾಗುತ್ತಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಎದ್ದಾಗ ಹೊರಗೆ ಕುರ್ಚಿ ಎಳೆಯುವ ಸದ್ದು ಕೇಳಿಸಿತು. ಆ ಸಂಜೆ ನಾನು ಯುದ್ಧಕ್ಕೆ ಹೋಗಲಿಲ್ಲ.

ಕರೀನ್ ಕೆಳಗೆ ಒಂದೇ ಸಾಲು ಸೇರಿಸಿದ್ದಳು: ಮಿಸ್ತೋಲಾರ್ ಇರಲಿ, ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ನಾನು ಅತ್ತುಬಿಟ್ಟೆ. ಬ್ರೆಡ್ಡಿನವಳ ಮನೆಗೆ ಹೇಳಲು ಓಡಿದವಳಿಗೆ ಚಪ್ಪಲಿ ಹಾಕಿಕೊಂಡಿಲ್ಲವೆಂದು ಗೊತ್ತಾದದ್ದು ಕಾಲು ಸುಟ್ಟಾಗ.

ಈಗ ಗೇಮ್ ಬಂದು ಒಂದು ವರ್ಷದ ಮೇಲಾಯಿತು. ಪರದೆಯ ಕೆಳಗೆ ಆಡುವವರ ಭಾಷೆಯ ಅಕ್ಷರ ಬರುತ್ತದೆ, ದನಿ ಮಾತ್ರ ನಮ್ಮ ಬೀದಿಯದೇ. ಸಂಜೆ ಕುರ್ಚಿ ಹಾಕಿಕೊಂಡು ಕೂತಾಗ ದೋನ್ಯಾ ತ್ರಾನ್ಸಿತೊ ನನ್ನ ಕಡೆ ಬಾಗಿ ಕೇಳುತ್ತಾರೆ:

"ಇವತ್ತೂ ಬಂದಿದ್ರೇನೇ ಜುಲ್ಮಾ, ನನ್ ಮನೆಗೆ?"

"ಬಂದಿದ್ರು ದೋನ್ಯಾ. ನೀವು ಮಲಗಿದ್ದಾಗ ಸಾವಿರಾರು ಜನ ಬಂದ್ಹೋದ್ರು."

"ಎಲ್ರಿಗೂ ನೀರು ಕೊಟ್ನಾ?"

"ಕೊಟ್ರಿ. ಒಬ್ಬೊಬ್ಬರಿಗೂ ಕೊಟ್ರಿ."

"ಹಂಗಾದ್ರೆ ಸರಿ" ಎಂದು ಅವರು ಕುರ್ಚಿಗೆ ಒರಗಿಕೊಂಡು ಮತ್ತೆ ಬೀಸಣಿಗೆ ಬೀಸಿಕೊಳ್ಳುತ್ತಾರೆ.