ಜರಡಿ ಹಿಡಿದ ಹಾಡು

ಮೊಂಜಿಯಾಳ ಮಗಳ ಮೆಹಂದಿಗೆ ಇನ್ನು ಆರೇ ದಿನ ಉಳಿದಿತ್ತು. ನಮ್ಮ ಸ್ಫಾಕ್ಸ್‌ನ ಹಳೇ ಊರಿನ ಕೋಟೆಯೊಳಗೆ ಮೂವತ್ತು ವರ್ಷ ಯಾರ ಮನೆಯ ಮೆಹಂದಿಯಾದರೂ ಬೆಂದಿರ್ ತಮಟೆ ಬಾರಿಸಿ ಹಾಡಿದವಳು ಅವಳು. ಪಕ್ಕದಲ್ಲಿ ಕೂತು ಚಪ್ಪಾಳೆ ಹಾಕಿದವಳು ನಾನು, ಶೆದ್ಲಿಯಾ. ಈಗ ಪಾರ್ಶ್ವವಾಯು ಬಡಿದು ಅವಳ ಬಲಗೈ ಏಳುವುದಿಲ್ಲ, ಹಾಡಲು ಉಸಿರೂ ಸಾಲದು. ಊರ ಹೆಣ್ಣುಮಕ್ಕಳಿಗೆಲ್ಲ ಬಾರಿಸಿದ ಕೈ ಸ್ವಂತ ಮಗಳಿಗೆ ಇಲ್ಲವಾಯಿತಲ್ಲ ಎಂಬುದೇ ಅವಳ ಕೊರಗು.

ನನ್ನ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಇತ್ತು, ಮೂವತ್ತು ವರ್ಷದ ಹಿಂದೆ ನನ್ನ ತಂಗಿ ಬೇಯಾಳ ಮೆಹಂದಿಯಲ್ಲಿ ಮೊಂಜಿಯಾ ಹಾಡಿದ್ದು. ಮೊಂಜಿಯಾ ಆ ದಿನದ ಮಾತು ಬಂದಾಗಲೆಲ್ಲ, "ಅವತ್ತು ತಾಳ ತಪ್ಪಿದ್ದು ನೀನೇ" ಎನ್ನುತ್ತಿದ್ದಳು. "ನಾನಲ್ಲ, ಬೇಯಾ" ಎಂದು ನಾನು ಸಾಧಿಸುತ್ತಿದ್ದೆ. ಹಾಕಿ ಕೇಳೋಣವೆಂದರೆ ಇಬ್ಬರ ಮನೆಯಲ್ಲೂ ಟೇಪ್ ರೆಕಾರ್ಡರ್ ಇರಲಿಲ್ಲ. ಆ ಕ್ಯಾಸೆಟ್ಟನ್ನು, ನನ್ನನ್ನು ಖಾಲ್ತಿ, ಅಂದರೆ ಚಿಕ್ಕಮ್ಮ, ಎನ್ನುವ ಮೊಬೈಲ್ ರಿಪೇರಿಯ ನಜೀಬನಿಗೆ ಕೊಟ್ಟು, ಮೆಹಂದಿಯ ದಿನ ಹಾಕಲು ಕಂಪ್ಯೂಟರಿಗೆ ಇಳಿಸು ಎಂದೆ.

ಮರುದಿನ ಹೋದರೆ ಅವನ ಮುಖ ಅರಳಿತ್ತು. "ಖಾಲ್ತಿ, ಗೊರಗೊರ ಎಲ್ಲ ತೆಗೆದು ತೊಳೆದ ತಟ್ಟೆ ಥರ ಮಾಡಿದ್ದೀನಿ. ಉಡುಗೊರೆ ಅಂದ್ಕೋ."

ಶುರುವಿನ ಚೂರು ಕೇಳಿದೆ. ಮೊಂಜಿಯಾಳ ಗಂಟಲು ಕಂಬಳಿಯೊಳಗಿಂದ ಬರುತ್ತಿತ್ತು. ಬೆಂದಿರ್ ಅಂತೂ ಹಲಗೆ ಕುಟ್ಟಿದ ಹಾಗೆ.

"ಜುಂಯ್ ಎಲ್ಲೋ?"

"ಯಾವ ಜುಂಯ್?"

"ಬೆಂದಿರ್ ಚರ್ಮದ ಹಿಂದೆ ಕರುಳಿನ ಹುರಿ ಕಟ್ಟಿರ್ತಾರಲ್ಲ, ಅದರದ್ದು. ನಿಮ್ಮಮ್ಮನ ಮೆಹಂದಿಗೂ ಅದೇ ಬಾರ್ಸಿದ್ದು ಕಣೋ!"

ಅವನು ನಾಲಗೆ ಕಚ್ಚಿಕೊಂಡ. ಯಂತ್ರ ಆ ಜುಂಯ್ ಅನ್ನೂ ಟೇಪಿನ ಗೊರಗೊರವೆಂದೇ ತಿಳಿದು ಒರೆಸಿಹಾಕಿತ್ತು. ಸಾಲದ್ದಕ್ಕೆ, ಫೋನಿನಲ್ಲಿ ಬೇಗ ಕಳಿಸಬಹುದೆಂದು ಹಾಡನ್ನು ಹಿಂಡಿ ಪುಟ್ಟ ಎಂಪಿತ್ರೀ ಮಾಡಿದ್ದ.

"ಅಷ್ಟೇ ತಾನೆ? ಇದನ್ನೇ ವೇವ್ ಫೈಲ್ ಮಾಡ್ತೀನಿ. ಅದು ಚೂರೂ ಬಿಡದೆ ಎಲ್ಲಾನೂ ಇಟ್ಕೊಳ್ಳತ್ತೆ."

ಒತ್ತಿದ. ಫೈಲು ಹತ್ತು ಪಟ್ಟು ಊದಿಕೊಂಡಿತು. ಸದ್ದು ಮಾತ್ರ ಅದೇ ಹಲಗೆ.

ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋದವಳು ನಾನು. ಗೊತ್ತಿಲ್ಲದ್ದನ್ನು ಕೇಳಲು ನನಗೆ ನಾಚಿಕೆಯಿಲ್ಲ. ಅದೇಕೆ ಹೀಗೆ ಎಂದು ಎರಡು ಸಲ ಕೇಳಿದೆ. ಕೊನೆಗೆ ನನಗೇ ಹೊಳೆಯಿತು.

"ನಜೀಬ, ರವೆ ಜರಡಿ ಹಿಡಿದು ತೌಡು ಚೆಲ್ಲಿದ್ದೀಯ. ಈಗ ಸಣ್ಣ ಚೀಲದಿಂದ ದೊಡ್ಡ ಚೀಲಕ್ಕೆ ಸುರಿದ್ರೆ ತೌಡು ವಾಪಸ್ ಬರತ್ತಾ?"

"ಇಲ್ಲ."

"ಹಾಗಾದ್ರೆ ಗೋಧಿ ತೆಗಿ. ಕ್ಯಾಸೆಟ್ ಎಲ್ಲಿ?"

ತಲೆ ತಗ್ಗಿಸಿ ಡ್ರಾಯರ್ ಎಳೆದ. ಇಳಿಸಿ ಮುಗಿದ ಮೇಲೆ ಯಂತ್ರ ಟೇಪನ್ನು ಅಗಿದುಬಿಟ್ಟಿತ್ತಂತೆ. ನಕಲು ಇದೆಯಲ್ಲ ಎಂದು ಸುಮ್ಮನಿದ್ದನಂತೆ. ಒಳಗೆ ಕಂದು ಪಟ್ಟಿಯ ಹಕ್ಕಿಗೂಡು.

ಬೈಯಲಿಲ್ಲ. ಅವನದೇ ಸ್ಕ್ರೂಡ್ರೈವರ್ ಕೇಳಿ ಪಡೆದು ಮನೆಗೆ ಬಂದೆ. ಎಷ್ಟೋ ಚಳಿಗಾಲ ಉಣ್ಣೆ ನೂತ ಕೈ ಇದು. ಬಿಳಿ ಬಟ್ಟೆ ಹಾಸಿ, ಡಬ್ಬಿ ಬಿಚ್ಚಿ, ಮೂರು ಹಗಲು ಒಂದೊಂದೇ ಗೇಣು ಬಿಡಿಸಿ, ಬೆರಳಿನಿಂದ ಸುಕ್ಕು ನೀವಿ ಸುತ್ತಿದೆ. ಎಲ್ಲೂ ಹರಿದಿರಲಿಲ್ಲ, ಪುಣ್ಯ.

ನಜೀಬ ಬೇರೆ ಯಂತ್ರ ತಂದಿಟ್ಟಿದ್ದ. ಈ ಸಲ ತೊಳೆಯಲಿಲ್ಲ, ಹಿಂಡಲಿಲ್ಲ. ನೇರವಾಗಿ ವೇವ್ ಫೈಲಿಗೇ ಇಳಿಸಿದ. ಮೊದಲು ಟೇಪಿನ ಶ್ಶ್ ಎಂಬ ಸದ್ದು, ಅದರ ಬೆನ್ನಿಗೇ ಜುಂಯ್! ಆಮೇಲೆ ಬೇಯಾಳ ಬಳೆ, ಚಹಾದ ಲೋಟ. ನಡುವೆ, ತಡವಾಗಿ ಬಿದ್ದ ಒಂಟಿ ಚಪ್ಪಾಳೆ. ಹಿಂದೆಯೇ ಸಣ್ಣಗೆ "ಅಯ್ಯೋ" ಎಂಬ ದನಿ. ನನ್ನದೇ.

ನಜೀಬ ನನ್ನ ಮುಖ ನೋಡಿದ. "ಖಾಲ್ತಿ, ಇದೊಂದನ್ನ ಕತ್ತರಿಸ್ಲಾ? ಯಾರಿಗೂ ಗೊತ್ತಾಗಲ್ಲ."

ಆಸೆ ಆಗಲಿಲ್ಲವೆಂದರೆ ಸುಳ್ಳಾದೀತು. "ಬೇಡ," ಎಂದೆ. "ಜರಡಿ ಹಿಡಿದದ್ದು ಸಾಕು."

ಮೆಹಂದಿಯ ಸಂಜೆ ಹೆಂಗಸರೆಲ್ಲ ಸುತ್ತ ಕೂತರು. ಸ್ಪೀಕರಿನಿಂದ ಜುಂಯ್ ಎದ್ದದ್ದೇ ತಡ, ಮೊಂಜಿಯಾಳ ಎಡಗೈ ತಾನಾಗಿ ತೊಡೆಯ ಮೇಲೆ ತಾಳ ಹಾಕತೊಡಗಿತು. ಮಗಳು ಅಮ್ಮನ ಭುಜಕ್ಕೆ ಒರಗಿದಳು. ಅಷ್ಟರಲ್ಲಿ ಆ ಚಪ್ಪಾಳೆ, ಆ "ಅಯ್ಯೋ".

"ಕೇಳಿದ್ರೇನ್ರೇ!" ಮೊಂಜಿಯಾ ಕೂಗಿದಳು. "ಮೂವತ್ತು ವರ್ಷ ಪಾಪದ ಬೇಯಾ ಮೇಲೆ ಹೊರಿಸಿದ್ಲು, ಕಳ್ಳಿ!"

"ಒಪ್ಕೊಂಡೆ ಮಾರಾಯ್ತಿ, ಸಾಕು ಮಾಡು!"

ಅವಳು ನಕ್ಕು ನಕ್ಕು ಕಣ್ಣು ಒರೆಸಿಕೊಂಡು, "ಇನ್ನೊಂದ್ಸಲ ಹಾಕೇ" ಎಂದು ಮಗಳಿಗೆ ಹೇಳಿದಳು. ಎರಡನೇ ಸಲ ನಾನೂ ಹಾಡಿನ ಜೊತೆ ಚಪ್ಪಾಳೆ ಹಾಕಿದೆ. ಅದೇ ಜಾಗದಲ್ಲಿ ಮತ್ತೆ ತಪ್ಪಿತು.