ಒಳಗಿನ ಚಿಲಕ

"ಒಳಗ ಒಯ್ಯಬ್ಯಾಡ್ರಿ, ಅಲ್ಲೇ ನಿಲ್ರಿ!" ಅಯ್ಯಣ್ಣ ಎರಡೂ ಕೈ ಅಡ್ಡ ಹಿಡಿದ. ಬೆಂಗಳೂರಿನಿಂದ ಮುದನಾಳಕ್ಕೆ ಬಂದ ಆಂಬುಲೆನ್ಸಿನಿಂದ ರೇಣಮ್ಮನ ಹೆಣವನ್ನು ನಾಲ್ವರು ಆಗಲೇ ಬಾಗಿಲವರೆಗೆ ಹೊತ್ತು ತಂದಿದ್ದರು. ರೇಣಮ್ಮ ಅವನ ತೀರಿಹೋದ ತಮ್ಮನ ಹೆಂಡತಿ.

"ಹೊರಗ ಸತ್ತವರು ಹೊಸ್ತಿಲಾ ದಾಟಂಗಿಲ್ಲ. ಹಿರೇರು ನಡಸ್ಕೊಂಡು ಬಂದದ್ದು."

"ಅವ್ವ ಕಟ್ಟಿಸಿದ ಮನಿ ಅದ ದೊಡ್ಡಪ್ಪ," ಮಗಳು ಅಂಜನಾ ಹೇಳಿದಳು. "ಒಂದು ರಾತ್ರಿನೂ ಇದರಾಗ ಮಲಗಿಲ್ಲ. ಒಂದ್ ತಾಸು ಒಳಗ ಇಡೂಣು."

"ನನಗೇನು ಖುಷಿ ಅದೇನವ್ವ? ನಾಳೆ ನೀ ಹೋಗಿಬಿಡ್ತಿ. ಏನರ ಆದ್ರ ಮಂದಿ ನನ್ನ ಕೇಳ್ತಾರ."

ಪಕ್ಕದ ಮನೆಯ ಮಜೀದಾ ಬೀಗದ ಕೈ ಹಿಡಿದು ನಿಂತಿದ್ದಳು. ಕಟ್ಟುವಾಗಿನಿಂದ ಮನೆ ಕಾದವಳು ಅವಳೇ. "ದುಡೀಲಿಕ್ಕ ಹೋದವರು ಹೊರಗ ಸಾಯದೆ ಎಲ್ಲಿ ಸಾಯ್ತಾರ ಅಯ್ಯಣ್ಣ? ಊರಾಗ ಕೆಲಸ ಇಟ್ಟಿದ್ದಿಯೇನು ನೀ?"

ಅಯ್ಯಣ್ಣ ಅಡ್ಡ ಹಿಡಿದ ಕೈ ಇಳಿಸಲಿಲ್ಲ.

*

ಬೆಂಗಳೂರಿನಲ್ಲಿ ತಾಯಿ, ಮಗಳು ಇದ್ದದ್ದು ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದಂತೆಲ್ಲ ಶೆಡ್ಡು ಇನ್ನೊಂದು ಬಡಾವಣೆಗೆ ಹೋಗುತ್ತಿತ್ತು. ಬಾಗಿಲಿಗೆ ಒಂದು ಹಳೆಯ ಸೀರೆ. ಅಂಜನಾ ದೊಡ್ಡವಳಾದ ಮೇಲೆ ರೇಣಮ್ಮ ಆ ಸೀರೆಗೆ ಅಡ್ಡವಾಗಿ, ಪಕ್ಕದಲ್ಲಿ ಸಲಿಕೆ ಇಟ್ಟುಕೊಂಡು ಮಲಗುತ್ತಿದ್ದಳು. ಹೊರಗೆ ಹೆಜ್ಜೆ ಸದ್ದಾದರೆ ಸಾಕು, ಎಚ್ಚರವಿದ್ದೇನೆಂದು ತಿಳಿಸಲು ಕೆಮ್ಮುತ್ತಿದ್ದಳು.

ಒಮ್ಮೆ ಹಳೆಯ ಬಂಗಲೆ ಕೆಡವುವಾಗ ಅದರ ತೇಗದ ಬಾಗಿಲು ತನಗೆ ಬೇಕೆಂದಳು. ಶಹಾಪುರದ ಕಡೆಯ ಮೇಸ್ತ್ರಿ ನಕ್ಕ. "ಮನಿನೇ ಇಲ್ಲ, ಬಾಗಿಲಾ ತಗೊಂಡು ಏನ್ ಮಾಡ್ತಿ?"

"ಬಾಗಿಲಾ ಬಂದ್ರ ಮನಿನೂ ಬರ್ತದ್ರಿ," ಎಂದು ಅವಳೂ ನಕ್ಕಳು. ಶೆಡ್ಡಿಗೆ ಬಂದು ಮಗಳಿಗೆ ಮಾತ್ರ ಹೇಳಿದಳು: "ಒಳಗಿಂದ ಚಿಲಕ ಹಾಕ್ಕೊಂಡು ಒಂದಿನ ಕಣ್ತುಂಬ ನಿದ್ದಿ ಮಾಡಬೇಕವ್ವಾ."

ಬಾಗಿಲು ಲಾರಿಯ ಮೇಲೆ ಊರಿಗೆ ಬಂತು. ಊರಿಗೆ ಬಂದಾಗಲೆಲ್ಲ ರೇಣಮ್ಮ ಗೋಡೆಯನ್ನು ಒಂದಿಷ್ಟು ಎಬ್ಬಿಸಿ ಹೋಗುತ್ತಿದ್ದಳು. ಈ ಯುಗಾದಿಗೆ ಮನೆ ಒಕ್ಕಲಾಗಬೇಕಿತ್ತು. ಅದಕ್ಕೂ ಮೊದಲೇ ಕೆಲಸದಲ್ಲಿ ಅವಳು ನಿಂತಿದ್ದ ಸಾರವೆ ಕುಸಿಯಿತು.

*

ಬಿಸಿಲೇರಿತು. ಹೆಣ ಅಂಗಳದ ಚಾಪೆಯ ಮೇಲಿತ್ತು. ಅಂಜನಾ ಎದ್ದು ಬಾಗಿಲನ್ನೇ ನೋಡುತ್ತ ನಿಂತಳು.

"ಅವ್ವ ಒಳಗ ಹೋಗೂದು ಬ್ಯಾಡ ದೊಡ್ಡಪ್ಪ. ಬಾಗಿಲಾ ಹೊರಗ ಬರಬಹುದಲ್ಲ?"

"ಅದಕ್ಕ ಯಾರೂ ಬ್ಯಾಡ ಅಂದಿಲ್ಲ," ಎಂದು ಅಯ್ಯಣ್ಣ ತಾನೇ ಹಾರೆ ತಂದು, ಚೌಕಟ್ಟಿನಿಂದ ಬಿಜಾಗರಿ ಎಬ್ಬಿಸಿ ಬಾಗಿಲು ಬಿಚ್ಚಿದ.

"ಒಳಮಗ್ಗಲಾ ಮ್ಯಾಲ ಮಾಡ್ರಿ," ಎಂದಳು ಅಂಜನಾ.

ರೇಣಮ್ಮನನ್ನು ಬಾಗಿಲ ಮೇಲೆ ಮಲಗಿಸಿದರು. ಮಜೀದಾ ಸೆರಗಿನಿಂದ ಅವಳ ಹಣೆ ಒರೆಸಿದಳು. ಗಂಡಸರು ಹೊರಲು ಬಗ್ಗಿದಾಗ ಅಂಜನಾ, "ಒಂದ್ ನಿಮಿಷ್ರಿ," ಎಂದು ತಾಯಿಯ ಭುಜದ ಬಳಿ ಕೈ ಚಾಚಿ ಚಿಲಕ ಹಾಕಿದಳು.

ಬಾಗಿಲು ಹೆಗಲೇರಿತು. ಚಿಲಕದ ಸರಳು ಅಂಚಿನಿಂದ ಬೆರಳಿನಷ್ಟು ಹೊರಚಾಚಿ, ಸೇರಲು ಚೌಕಟ್ಟಿಲ್ಲದೆ, ಓಣಿಯ ಬಿಸಿಲಿನಲ್ಲಿ ಹೊಳೆಯುತ್ತ ಹೋಯಿತು.